ತೊಂಬತ್ತು ದಿನ ಗೋಡೆಯ ಮೇಲೆ

ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಲು ಹೊರಟವರು ಈಗಲೂ ಆಗೊಬ್ಬರು ಈಗೊಬ್ಬರು ಮರಳೂರಿನ ನಮ್ಮ ಮನೆಗೆ ಬರುತ್ತಾರೆ. ಗೈಡ್ ಎಂಥವರಿರಬೇಕು, ವಿಷಯ ಹೇಗೆ ಆರಿಸಬೇಕು, ಎಷ್ಟು ಪೇಪರ್ ಅಚ್ಚಾಗಬೇಕು ಎಂದು ಕೇಳುತ್ತಾರೆ. ನಾನು ಕಾಫಿ ಕೊಟ್ಟು, ತೋಚಿದ್ದನ್ನು ಹೇಳಿ ಕಳಿಸುತ್ತೇನೆ. ನಿಜವಾಗಿ ಹೇಳಬೇಕಾದದ್ದನ್ನು ಇದುವರೆಗೆ ಅವರಲ್ಲಿ ಒಬ್ಬರಿಗೂ ಹೇಳಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ. ಬಡ್ತಿ, ಹುದ್ದೆ, ಹಾರ ತುರಾಯಿಗಳ ಸುದ್ದಿ ಬಿಟ್ಟುಬಿಡುತ್ತೇನೆ. ಕುರ್ಚಿಯಲ್ಲಿ ಸಾಕಷ್ಟು ವರ್ಷ ಕೂತವರಿಗೆಲ್ಲ ಅವು ಬಂದೇ ಬರುತ್ತವೆ.

ನಾನು ಎಪ್ಪತ್ತರ ದಶಕದ ಮೊದಲಲ್ಲಿ ತುಮಕೂರಿನ ಒಂದು ಕಾಲೇಜಿಗೆ ಮೇಷ್ಟ್ರಾಗಿ ಸೇರಿದೆ. ಆರೇಳು ವರ್ಷ ಪಾಠ ಮಾಡಿದ ಮೇಲೆ, ಪಿಎಚ್.ಡಿ. ಇಲ್ಲದವರ ಗತಿ ಮುಂದೆ ಕಷ್ಟ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಶುರುವಾಯಿತು. ನನ್ನ ಜೊತೆಯವರೆಲ್ಲ ಎಲ್ಲೆಲ್ಲೋ ಹೆಸರು ನೋಂದಾಯಿಸಿದರು. ನಾನೂ ಓದುವ ರಜೆ ಹಾಕಿ ವಿಶ್ವವಿದ್ಯಾಲಯದಲ್ಲಿ ನೋಂದಾಯಿಸಿದೆ. ವಿಜ್ಞಾನದ ಮೇಲಿನ ಪ್ರೀತಿಯಿಂದ ಹೋದೆ ಎಂದು ಸಭೆಗಳಲ್ಲಿ ಹೇಳಿದ್ದೇನೆ. ಅದು ಅರ್ಧ ನಿಜ.

ನನ್ನ ಗೈಡ್ ಮಾತಿನಲ್ಲಿ ಬಹಳ ಖಾರ. ಪೆನ್ಸಿಲ್ಲಿನಲ್ಲಿ ಬರೆದ ರೀಡಿಂಗನ್ನು ಅವರು ಕಣ್ಣೆತ್ತಿ ನೋಡುತ್ತಿರಲಿಲ್ಲ. ನೋಟ್‌ಬುಕ್ಕನ್ನು ಹಿಂದಿನಿಂದ ತಿರುವಿ, ಯಾವ ದಿನದ ಪುಟ ಖಾಲಿ ಇದೆಯೋ ಅಲ್ಲಿ ಬೆರಳಿಟ್ಟು, "ಈ ದಿನ ಏನ್ರೀ, ಮದುವೆ ಊಟಕ್ಕೆ ಹೋಗಿದ್ರಾ?" ಎನ್ನುತ್ತಿದ್ದರು. ಒಮ್ಮೆ ನಾನು ನಿಜವಾಗಿಯೂ ಮದುವೆಗೆ ಹೋಗಿದ್ದೆ. ಹೌದು ಎಂದೆ. "ಹಾಗಾದ್ರೆ ಅದನ್ನೇ ಬರೀರಿ" ಎಂದರು. ಬರೆದೆ. ಈಗಲೂ ಆ ಪುಟದಲ್ಲಿ ನಮ್ಮ ಷಡ್ಡಕನ ತಂಗಿಯ ಮದುವೆ ಇದೆ.

ಅವರು ಕೊಟ್ಟ ವಿಷಯ ಮನೆಗಳೊಳಗಿನ ರೇಡಾನ್. ನಮ್ಮ ಕಡೆಯ ಬಂಡೆಯಲ್ಲಿ, ಮಣ್ಣಿನಲ್ಲಿ ಎಲ್ಲೋ ಒಂದಿಷ್ಟು ಯುರೇನಿಯಂ ಇರುತ್ತದೆ. ಅದರಿಂದ ಹುಟ್ಟುವ ರೇಡಾನ್ ಎಂಬ ಅನಿಲ ನೆಲದ ಬಿರುಕುಗಳಲ್ಲಿ ಮೇಲೆ ಬಂದು ಮನೆಯೊಳಗೆ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಅಳೆಯಲು ಒಂದು ಕೆಂಪು ಫಿಲ್ಮು ಬರುತ್ತಿತ್ತು. ಅಂಚೆ ಚೀಟಿಯಷ್ಟು ಕತ್ತರಿಸಿ, ಕಾರ್ಡಿಗೆ ಅಂಟಿಸಿ, ಮನೆಯ ಗೋಡೆಗೆ ತೊಂಬತ್ತು ದಿನ ನೇತುಹಾಕಬೇಕು. ಗಾಳಿಯಲ್ಲಿರುವ ರೇಡಾನ್ ಸಿಡಿಸುವ ಆಲ್ಫಾ ಕಣಗಳು ಫಿಲ್ಮಿನ ಮೇಲೆ ಕಣ್ಣಿಗೆ ಕಾಣದ ಗಾಯ ಮಾಡುತ್ತವೆ. ಆಮೇಲೆ ಆ ಫಿಲ್ಮನ್ನು ತಂದು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಎರಡು ಗಂಟೆ ಇಟ್ಟರೆ ಗಾಯಗಳು ತೂತುಗಳಾಗುತ್ತವೆ. ಆ ತೂತುಗಳನ್ನು ಮೈಕ್ರೋಸ್ಕೋಪಿನಲ್ಲಿ ಒಂದೊಂದಾಗಿ ಎಣಿಸಬೇಕು. ಈಗ ಗಂಟೆಗೊಂದು ರೀಡಿಂಗ್ ಕೊಡುವ ಯಂತ್ರ ಬಂದಿದೆ. ಆಗ ನಮ್ಮ ಕಣ್ಣೇ ಯಂತ್ರ.

ಒಂದು ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಆಲ್ಫಾ ಕಣಕ್ಕೆ ಬಲ ಕಡಿಮೆ. ಒಂದು ಹಾಳೆ ಕಾಗದ ಅಡ್ಡ ಬಂದರೂ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಫಿಲ್ಮು ತೆರೆದ ಗಾಳಿಗೆ ಮುಖ ಮಾಡಿರಲೇಬೇಕು.

ಮೊದಲ ವರ್ಷದ ಪ್ರಮಾದವನ್ನು ಮೊದಲು ಹೇಳಿಬಿಡುತ್ತೇನೆ. ಅರವತ್ತು ಡಿಗ್ರಿಯಲ್ಲಿ ಫಿಲ್ಮುಗಳು ಸೋಡಾದಲ್ಲಿ ಮುಳುಗಿದ್ದಾಗ ಕರೆಂಟು ಹೋಯಿತು. ಲೋಡ್ ಶೆಡ್ಡಿಂಗಿನ ಕಾಲ. ನಾನು ಜಾಣತನ ಮಾಡಿ ಸೀಮೆಎಣ್ಣೆ ಸ್ಟೌ ಹಚ್ಚಿ ಪಾತ್ರೆ ಅದರ ಮೇಲಿಟ್ಟೆ. ಥರ್ಮಾಮೀಟರ್ ಎಂಬತ್ತಕ್ಕೆ ಏರಿದ್ದನ್ನು ಗಮನಿಸುವಷ್ಟರಲ್ಲಿ ಹನ್ನೆರಡು ಫಿಲ್ಮುಗಳ ಕೆಂಪು ಪದರವೆಲ್ಲ ಕರಗಿ ನೀರಾಗಿತ್ತು. ಗೈಡ್ ಪಾತ್ರೆಯೊಳಗೆ ಬಗ್ಗಿ ನೋಡಿ, "ಬೇಳೆ ಹಾಕೋದ್ ಮರೆತ್ರಾ?" ಎಂದರು. ಅಷ್ಟೇ. ತಪ್ಪನ್ನು ನೋಟ್‌ಬುಕ್ಕಿನಲ್ಲಿ ಬರೆಸಿ ಸಹಿ ಹಾಕಿದರು. ಒಪ್ಪಿಕೊಳ್ಳುವುದು ಇಷ್ಟು ಸುಲಭ ಎಂದು ನನಗೆ ಆಗ ಅನ್ನಿಸಿತು. ವಾಸನೆ ಹಬ್ಬಿ ಇಡೀ ವಿಭಾಗಕ್ಕೆ ಮೊದಲೇ ಗೊತ್ತಾಗಿದ್ದರಿಂದ ಅದು ಸುಲಭವಾಗಿತ್ತು, ಬೇರೆ ಕಾರಣವಿರಲಿಲ್ಲ.

ಫಿಲ್ಮು ಹಾಕಲು ಮೊದಲು ಗುಬ್ಬಿ ಕಡೆಯ ಹಳ್ಳಿಗಳಿಗೆ ಹೋದೆ. ಈಗ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿರುವ ಬಿದರೆಹಳ್ಳಿ ಕಾವಲ್ ಆಗ ಬರೀ ಹುಲ್ಲು. ಅದರ ಆಸುಪಾಸಿನಲ್ಲಿ ಬಾಡಿಗೆ ಸೈಕಲ್ ತುಳಿದುಕೊಂಡು ತಿರುಗಿದೆ. ಎಮರ್ಜೆನ್ಸಿ ಮುಗಿದು ಬಹಳ ದಿನವಾಗಿರಲಿಲ್ಲ. ಬ್ಯಾಗು, ಫೈಲು ಹಿಡಿದವರು ಯಾರೇ ಬಂದರೂ ಕುಟುಂಬ ಯೋಜನೆಯವರೆಂದು ಗಂಡಸರು ಹಿತ್ತಿಲ ಬಾಗಿಲಿಂದ ಜಾರಿಕೊಳ್ಳುತ್ತಿದ್ದರು. ಒಬ್ಬ ಅಜ್ಜಿ ನನ್ನನ್ನು ಹೊಸಿಲಲ್ಲೇ ತಡೆದು, "ನಮ್ ಹುಡುಗುಂಗೆ ಆಗ್ಲೇ ಆಪ್ರೇಸನ್ ಮಾಡವ್ರೆ ಕಣಪ್ಪ, ಇನ್ನೇನ್ ಉಳ್ದೈತೆ ಅಂತ ಬಂದಿದೀಯಾ?" ಎಂದಳು. ಅವಳಿಗೆ ವಿಷಯ ತಿಳಿಸಲು ಅರ್ಧ ಗಂಟೆ ಹಿಡಿಯಿತು.

ಗುಬ್ಬಿ ಕಡೆ ಕಲ್ಲು ಚಪ್ಪಡಿ ನೆಲದ ಮನೆಗಳು ಹೆಚ್ಚು. ಅಲ್ಲಿ ಮೊದಲ ಸುತ್ತಿನಲ್ಲಿ ಹಾಕಿದ ಫಿಲ್ಮುಗಳಲ್ಲಿ ಅರ್ಧದಷ್ಟು ಕಳೆದುಹೋದವು. ಕೆಂಪಗೆ ಹೊಳೆಯುತ್ತಿದ್ದುದರಿಂದ ಮಕ್ಕಳು ಕಿತ್ತುಕೊಂಡು ಕಣ್ಣಿಗಿಟ್ಟು ಸೂರ್ಯನನ್ನು ನೋಡಿದರು. ಒಬ್ಬಾತ ತನ್ನ ಸೈಕಲ್ ಹಿಂದಿನ ದೀಪಕ್ಕೆ ಅಂಟಿಸಿಕೊಂಡಿದ್ದ. ಉಳಿದವುಗಳ ಮೇಲೆ ಒಲೆಯ ಮಸಿ. ಗೈಡ್ ಬೈದರು. ಆ ಬೈಗುಳ ತಲೆಯಲ್ಲಿ ಇಟ್ಟುಕೊಂಡೇ ನಾನು ಕುಣಿಗಲ್ ಕಡೆಗೆ ಹೋದೆ.

ಕುಣಿಗಲ್ ಕಡೆಯ ಆ ಹಳ್ಳಿಯ ಹೆಸರು ಬೇಡ. ಮಣ್ಣು ನೆಲ, ಸಗಣಿಯಿಂದ ಸಾರಿಸಿದ ಮನೆಗಳು. ಅಲ್ಲಿನ ಶಾಲೆಯ ರಂಗಪ್ಪ ಮೇಷ್ಟ್ರು ಹನ್ನೊಂದು ಮನೆಯವರನ್ನು ಶಾಲೆಯ ಜಗಲಿಗೆ ಕರೆಸಿದರು. ನಾನು ಎದ್ದು ನಿಂತು ಭಾಷಣ ಮಾಡಿದೆ.

"ಇದು ಫಾರಿನ್ ಫಿಲ್ಮು. ಇಲ್ಲೆಲ್ಲೂ ಸಿಗಲ್ಲ. ಗೀರು ಬಿದ್ರೆ ಹಾಳು, ಮಸಿ ಹಿಡಿದ್ರೆ ಹಾಳು. ಕಳೆದೋದ್ರೆ ನನ್ನ ಕೆಲಸಾನೇ ಹೋಗುತ್ತೆ. ನಿಮ್ಮ ಮನೆ ಒಡವೆ ತರ ನೋಡ್ಕೊಳ್ಳಿ."

"ನೀವೇನ್ ಯೋಚ್ನೆ ಮಾಡ್ಬೇಡಿ ಸಾಮಿ" ಎಂದರು ಕೆಂಪಮ್ಮ. ಮೂವತ್ತು ವರ್ಷದ ಗಟ್ಟಿ ಹೆಂಗಸು. ಆ ಬೀದಿಯಲ್ಲಿ ಅವರ ಮಾತು ನಡೆಯುತ್ತಿತ್ತು. "ನಮ್ ಮನೇಲಿ ಇದ್ರೆ ಬ್ಯಾಂಕ್ನಾಗೆ ಇದ್ದಂಗೆ."

ಫಿಲ್ಮು ಗೋಡೆಯ ಮೇಲೆ ಯಾಕೆ ಇರಬೇಕು, ಗಾಳಿಗೆ ಯಾಕೆ ತೆರೆದಿರಬೇಕು ಎಂದು ನಾನು ಹೇಳಲಿಲ್ಲ. ಇವರಿಗೆಲ್ಲಿ ಅರ್ಥವಾಗುತ್ತದೆ ಎಂದುಕೊಂಡೆ. ನಾನೂ ಇಂಥದೇ ಮನೆಯಲ್ಲಿ ಹುಟ್ಟಿದವನು, ನಮ್ಮವ್ವನೂ ನೆಲ ಸಾರಿಸುತ್ತಿದ್ದಳು. ಆದರೂ ಒಂದು ಎಂ.ಎಸ್ಸಿ. ಮಾಡಿದ್ದಕ್ಕೆ ಅಷ್ಟು ಕೊಬ್ಬು ಬಂದಿತ್ತು. ಎರಡು ನಿಮಿಷದಲ್ಲಿ ಹೇಳಿಬಿಡಬಹುದಾಗಿದ್ದ ಮಾತು ಅದು.

ಮತ್ತೆ ಹಳ್ಳಿಗೆ ಹೋಗುವ ಮುನ್ನ ರಂಗಪ್ಪ ಮೇಷ್ಟ್ರಿಗೆ ಒಂದು ಪೋಸ್ಟ್ ಕಾರ್ಡ್ ಹಾಕುವುದು ನನ್ನ ಪದ್ಧತಿ. ಇಂಥ ದಿನ ಬರುತ್ತೇನೆ, ಮನೆಯವರು ಇರಲಿ ಎಂದು. ಅದು ಮರ್ಯಾದೆ ಎಂದುಕೊಂಡಿದ್ದೆ. ಪ್ರತಿ ಸಲ ಹೋದಾಗಲೂ ಹನ್ನೊಂದು ಮನೆಯಲ್ಲೂ ಕಾರ್ಡು ಗೋಡೆಯ ಮೇಲೆ ಸರಿಯಾಗಿ ತೂಗುತ್ತಿತ್ತು. ಒಂದೂ ಕಳೆದಿರಲಿಲ್ಲ. ಒಂದಕ್ಕೂ ಮಸಿ ಹಿಡಿದಿರಲಿಲ್ಲ. ಸೌದೆ ಒಲೆ ಉರಿಯುವ ಮನೆಯಲ್ಲಿ ತೊಂಬತ್ತು ದಿನ ತೂಗಿದ ಕಾರ್ಡು ಅಂಗಡಿಯಿಂದ ತಂದ ಹಾಗೆ ಬೆಳ್ಳಗಿರುವುದು ಹೇಗೆ ಎಂದು ಯಾವ ದಡ್ಡನಿಗಾದರೂ ಅನುಮಾನ ಬರಬೇಕಿತ್ತು. ನಾನು ಖುಷಿಪಟ್ಟೆ. ಗುಬ್ಬಿಯವರಿಗಿಂತ ಕುಣಿಗಲ್‌ನವರು ಶಿಸ್ತಿನ ಜನ ಎಂದು ವಿಭಾಗದಲ್ಲಿ ಹೊಗಳಿದೆ.

ಎಣಿಸಿದಾಗ, ಗುಬ್ಬಿ ಕಡೆ ಎರಡನೆಯ ಸುತ್ತಿನಲ್ಲಿ ಹಾಕಿದ್ದ ಫಿಲ್ಮುಗಳಲ್ಲಿ ತೂತೋ ತೂತು. ಕುಣಿಗಲ್‌ನವುಗಳಲ್ಲಿ ಹೊಸ ಫಿಲ್ಮಿಗಿಂತ ಒಂದಿಷ್ಟೇ ಹೆಚ್ಚು. ಗೈಡ್ ನಂಬಲಿಲ್ಲ. "ಇನ್ನೊಂದ್ ಸಲ ಹಾಕ್ರೀ" ಎಂದರು. ಮರುವರ್ಷ ಅದೇ ಮನೆಗಳು, ಅದೇ ಪೋಸ್ಟ್ ಕಾರ್ಡು, ಅದೇ ಬೆಳ್ಳಗಿನ ಕಾರ್ಡುಗಳು, ಅದೇ ಅಂಕಿಗಳು. ಎರಡು ಸಲ ಒಂದೇ ಉತ್ತರ ಬಂದರೆ ಭೌತಶಾಸ್ತ್ರದವನು ಕಣ್ಣು ಮುಚ್ಚಿ ನಂಬುತ್ತಾನೆ. ಆಗ ನಾನೇ ಒಂದು ವಿವರಣೆ ಕಟ್ಟಿದೆ. ಸಗಣಿ ಸಾರಿಸಿದ ನೆಲದ ಸಣ್ಣ ಬಿರುಕುಗಳೆಲ್ಲ ಮುಚ್ಚಿಹೋಗುತ್ತವೆ, ಅದಕ್ಕೇ ರೇಡಾನ್ ಮೇಲೆ ಬರುವುದಿಲ್ಲ. ಗೈಡ್ ಮುಖ ಅರಳಿದ್ದನ್ನು ಮೊದಲ ಸಲ ನೋಡಿದೆ. ಪೇಪರ್ ಅಚ್ಚಾಯಿತು. ಊರಿನ ಪತ್ರಿಕೆಯಲ್ಲಿ ಸಾರಿಸಿದ ನೆಲವೇ ಆರೋಗ್ಯ ಎಂದು ನನ್ನ ಫೋಟೋ ಸಮೇತ ಬಂತು. ನಮ್ಮ ಮನೆಯಾಕೆ ಅದನ್ನು ಕತ್ತರಿಸಿ ಎತ್ತಿಟ್ಟಳು.

ಥೀಸಿಸ್ ಟೈಪಾಗಿ, ಬೈಂಡಾಗಿ ಹೋಯಿತು. ಕೆಲವು ತಿಂಗಳ ಮೇಲೆ ಮೌಖಿಕ ಪರೀಕ್ಷೆಯ ದಿನ ಗೊತ್ತಾಯಿತು. ಇನ್ನು ಮೂರು ವಾರವಿತ್ತು. ಆ ಹಳ್ಳಿಯವರಿಗೆ ಥ್ಯಾಂಕ್ಸ್ ಹೇಳಬೇಕೆನಿಸಿ, ಒಂದು ಭಾನುವಾರ ಸಿಹಿ ಪೊಟ್ಟಣ ಹಿಡಿದು ಬಸ್ಸು ಹತ್ತಿದೆ. ಕೆಲಸವೇನೂ ಇರಲಿಲ್ಲವಾದ್ದರಿಂದ ಪೋಸ್ಟ್ ಕಾರ್ಡ್ ಹಾಕಲಿಲ್ಲ.

ಕೆಂಪಮ್ಮ ರಾಗಿ ಕೇರುತ್ತಿದ್ದವರು ಮೊರ ಪಕ್ಕಕ್ಕಿಟ್ಟು ಗಾಬರಿಯಿಂದ ಎದ್ದರು.

"ಬತ್ತೀನಿ ಅಂತ ಒಂದ್ ಕಾಗ್ದ ಹಾಕ್ಬಾರ್ದಾ ಸಾಮಿ? ಹಾಕಿದ್ರೆ ತೆಗ್ದು ನೇತಾಕಿರ್ತಿದ್ವಿ."

"ಏನನ್ನ ಕೆಂಪಮ್ಮ?"

"ಅದೇ ನಿಮ್ ಕೆಂಪು ಬಿಲ್ಲೆಯ. ಹೋದ್ಸಲ ಒಂದು ಜಾಸ್ತಿ ಕೊಟ್ಟಿದ್ರಲ್ಲ, ಅದು ನಮ್ಮನೇಲೇ ಉಳ್ಕಂಡೈತೆ. ತಾಳಿ, ತೋರುಸ್ತೀನಿ."

ಒಳಗೆ ಹೋಗಿ ಕಬ್ಬಿಣದ ಟ್ರಂಕಿನ ಮುಚ್ಚಳ ಎತ್ತಿದರು. ಮೇಲಿನ ಬಟ್ಟೆ ಸರಿಸಿ ತಮ್ಮ ಧಾರೆ ಸೀರೆಯನ್ನು ಹೊರತೆಗೆದು ಮಡಿಕೆ ಬಿಚ್ಚಿದರು. ರೇಷ್ಮೆಯ ಎರಡು ಮಡಿಕೆಯ ನಡುವೆ ನನ್ನ ಕಾರ್ಡು ಇತ್ತು.

"ಇಲಿ ಕಡೀಬಾರ್ದು, ಹೊಗೆ ಹಿಡೀಬಾರ್ದು ಅಂತ ಹನ್ನೊಂದು ಮನೆಯೋರೂ ಹಿಂಗೇ ಮಡಗಿದ್ವಿ. ನಿಮ್ ಕಾಗ್ದ ಬಂದೇಟ್ಗೆ ಮೇಷ್ಟ್ರು ಹೇಳೋರು, ಆಚೆ ತೆಗ್ದು ಗೋಡೆಗ್ ಹಾಕೋವು. ಎರಡು ವರ್ಸದಾಗೆ ಒಂದ್ ಗೀರು ಬಿದ್ದಿದ್ರೆ ಹೇಳಿ ಸಾಮಿ."

ಅವರ ಮುಖದಲ್ಲಿ ಅಷ್ಟು ಹೆಮ್ಮೆ ಇತ್ತು. ಬಟ್ಟೆಯ ಮಡಿಕೆಯೊಳಗೆ ಯಾವ ಆಲ್ಫಾ ಕಣವೂ ಫಿಲ್ಮನ್ನು ಮುಟ್ಟುವುದಿಲ್ಲ. ನಾನು ಎರಡು ವರ್ಷ ಅಳೆದದ್ದು ಟ್ರಂಕನ್ನು. ಅವರು ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದರು. ತಪ್ಪು ಅವರದಲ್ಲ ಎಂಬುದು ಆ ಕ್ಷಣವೇ ನನಗೆ ಗೊತ್ತಿತ್ತು.

"ಒಳ್ಳೇದ್ ಮಾಡಿದ್ರಿ" ಎಂದು ಹೇಳಿ, ಪೊಟ್ಟಣ ಕೊಟ್ಟು ಬಸ್ಸಿಗೆ ನಡೆದೆ.

ಮನೆಗೆ ಬಂದಾಗ ನಮ್ಮಾಕೆ, "ಯಾಕ್ರೀ ಮುಖ ಹಿಂಗಿದೆ?" ಎಂದು ಕೇಳಿದಳು. ಬಸ್ಸಿನ ಧೂಳು ಎಂದೆ. ಗೈಡ್ ಹತ್ತಿರ ಹೋಗಿ ಹೇಳಬೇಕು ಎಂದು ಮೂರು ವಾರವೂ ಅಂದುಕೊಂಡೆ. ಎರಡು ಸಲ ಅವರ ಕೋಣೆಯ ಬಾಗಿಲವರೆಗೂ ಹೋದೆ. ರಜೆ ಮುಗಿದಿತ್ತು, ಪೇಪರ್ ಅಚ್ಚಾಗಿತ್ತು, ನೆಂಟರಿಗೆಲ್ಲ ಗೊತ್ತಾಗಿತ್ತು. ಹೇಳಿದರೆ ಎಲ್ಲ ಮತ್ತೆ ಮೊದಲಿನಿಂದ. ಹನ್ನೊಂದು ಮನೆ ತಾನೇ, ಯಾರಿಗೇನು ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಸಾರಿಸಿದ ನೆಲದ ಬಗ್ಗೆಯೇ ಹೆಚ್ಚು ಕೇಳಿದರು. ನಾನು ಒಂದು ಚೂರೂ ತಡವರಿಸದೆ ಉತ್ತರಿಸಿದೆ. ಅವರು ಕೈ ಕುಲುಕಿದರು. ಆ ದಿನ ನಾಚಿಕೆಯಾಯಿತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಆ ದಿನ ಆದದ್ದು ನೆಮ್ಮದಿ.

ನಾಚಿಕೆ ಆಮೇಲೆ ಬಂತು, ಗಂಗಾಂಬಿಕೆ ಬಂದ ಮೇಲೆ.

ಎಂಬತ್ತರ ದಶಕದ ನಡುವಿನ ಮಾತು. ಗಂಗಾಂಬಿಕೆ ಗುಬ್ಬಿಯ ಹುಡುಗಿ. ಎಂ.ಎಸ್ಸಿ.ಯಲ್ಲಿ ಒಳ್ಳೆಯ ಅಂಕ ತೆಗೆದು, ಫೆಲೋಶಿಪ್ ಪಡೆದು ನನ್ನ ಗೈಡ್ ಹತ್ತಿರವೇ ಸೇರಿದಳು. ನನ್ನ ಕೆಲಸವನ್ನು ಮುಂದುವರಿಸಿ, ಸಾರಿಸಿದ ನೆಲದ ಮನೆಗಳನ್ನು ಇನ್ನೂ ಹತ್ತಾರು ಹಳ್ಳಿಗಳಲ್ಲಿ ಅಳೆಯಬೇಕು ಎಂಬುದೇ ಅವಳಿಗೆ ಕೊಟ್ಟ ವಿಷಯ. ನನ್ನನ್ನು ಕಾಣಲು ತುಮಕೂರಿನ ಕಾಲೇಜಿಗೆ ಬಂದಳು.

"ಸಾರ್, ನಿಮ್ಮ ಹಳ್ಳಿಯಿಂದ್ಲೇ ಶುರು ಮಾಡ್ಲಾ?"

"ಬೇಡಮ್ಮ. ಅಲ್ಲಿದು ಆಗ್ಲೇ ಎರಡು ಸಲ ಆಗಿದೆ. ಬೇರೆ ಕಡೆ ನೋಡು" ಎಂದೆ. ಹಿರಿಯನ ಸಲಹೆ ಎಂದು ಅವಳು ಬರೆದುಕೊಂಡಳು.

ಅವಳು ಮನೆಮನೆಯಲ್ಲಿ ಕೂತು ಹೆಂಗಸರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳಂತೆ. ಪೋಸ್ಟ್ ಕಾರ್ಡ್ ಗೀರ್ಡ್ ಇಲ್ಲ, ಹೊತ್ತಿಲ್ಲದ ಹೊತ್ತಿನಲ್ಲಿ ಹೋಗಿ ನೋಡುತ್ತಿದ್ದಳು. ಅವಳ ಫಿಲ್ಮುಗಳಲ್ಲಿ ಗುಬ್ಬಿಯ ಚಪ್ಪಡಿ ಮನೆಗಳಷ್ಟೇ ತೂತುಗಳು ಬಂದವು. ಸಾರಿಸಿದ ನೆಲದಿಂದ ಏನೂ ವ್ಯತ್ಯಾಸವಿರಲಿಲ್ಲ. ಗೈಡ್ ಅವಳ ಕೈ ಸರಿಯಿಲ್ಲ ಎಂದರು. ಮತ್ತೆ ಮಾಡಿದಳು, ಮತ್ತೆ ಅದೇ. ಎಲ್ಲರ ಮುಂದೆ, "ಅವನ ನೋಟ್‌ಬುಕ್ ನೋಡಿ ಕಲೀಮ್ಮ" ಎಂದು ನನ್ನನ್ನು ತೋರಿಸಿದರು. ಆ ದಿನ ವಿಭಾಗಕ್ಕೆ ಹೋಗಿದ್ದ ನಾನು ಅಲ್ಲೇ ಕೂತಿದ್ದೆ.

ಅವಳ ತಪ್ಪು ಹುಡುಕಿಕೊಡು ಎಂದು ಗೈಡ್ ನನಗೇ ಹೇಳಿದರು. ಒಂದು ದಿನವಿಡೀ ಅವಳ ಸೋಡಾ, ಥರ್ಮಾಮೀಟರ್, ಮೈಕ್ರೋಸ್ಕೋಪ್ ಎಲ್ಲ ಪರೀಕ್ಷಿಸಿದೆ. ನನಗಿಂತ ಅಚ್ಚುಕಟ್ಟು. ಅವಳು ಪಕ್ಕದಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. ಕೊನೆಗೆ ನಾನು ಹೇಳಿದೆ: "ಟೆಂಪರೇಚರ್ ಸ್ವಲ್ಪ ಏರುಪೇರಾಗ್ತಿರಬಹುದಮ್ಮ." ನನ್ನ ಬಾಯಿಂದ ಬಂದ ಮಾತುಗಳಲ್ಲಿ ಅದಕ್ಕಿಂತ ಕೀಳಾದದ್ದು ಇನ್ನೊಂದಿದೆ, ಅದನ್ನೂ ಹೇಳುತ್ತೇನೆ. ಈ ಮಾತು ನಂಬಿ ಅವಳು ಇನ್ನೂ ಆರು ತಿಂಗಳು ಅದೇ ಕೆಲಸ ಮಾಡಿದಳು. ಫೆಲೋಶಿಪ್ಪಿನ ಅವಧಿ ಮುಗಿಯುತ್ತ ಬಂದಿತ್ತು.

ಒಂದು ಮಧ್ಯಾಹ್ನ ಕಾಲೇಜಿನ ಲ್ಯಾಬಿಗೆ ಬಂದಳು. ಬಿ.ಎಸ್ಸಿ.ಯವರ ಪ್ರಾಕ್ಟಿಕಲ್ ನಡೆದಿತ್ತು. ಬಂದ ರೀಡಿಂಗನ್ನೇ ಬರೆಯಿರಿ, ಪಕ್ಕದವನದು ನೋಡಿ ತಿದ್ದಬೇಡಿ ಎಂದು ಆಗಷ್ಟೇ ಅವರಿಗೆ ಗದರಿಸಿದ್ದೆ.

"ಸಾರ್, ಒಂದೇ ಮಾತು ಕೇಳ್ಬೇಕಿತ್ತು. ನಿಮ್ಮ ಫಿಲ್ಮುಗಳು ಆ ಮನೆಗಳಲ್ಲಿ ತೊಂಬತ್ತು ದಿನಾನೂ ಗೋಡೆ ಮೇಲೇ ಇದ್ವಾ?"

"ಇದ್ವು ಕಣಮ್ಮ. ತೊಂಬತ್ತು ದಿನಾನೂ."

"ಆಯ್ತು ಸಾರ್" ಎಂದು ಅವಳು ಫೈಲು ಎತ್ತಿಕೊಂಡು ಹೋದಳು. ಮರುತಿಂಗಳು ಸಂಶೋಧನೆ ಬಿಟ್ಟಳು. ಬಿ.ಎಡ್. ಮಾಡಿ ಗುಬ್ಬಿಯ ಕಡೆ ಹೈಸ್ಕೂಲಿಗೆ ಸೇರಿದಳೆಂದು ಕೇಳಿದೆ. ಗೈಡ್ ಅವಳ ಹೆಸರು ಎತ್ತಲಿಲ್ಲ. ಮುಂದಿನ ವರ್ಷ ಅವರೂ ನಿವೃತ್ತರಾದರು, ಕೆಲವು ವರ್ಷಗಳಲ್ಲಿ ತೀರಿಕೊಂಡರು. ನಾನು ಮಾತ್ರ ಡಾಕ್ಟರಾಗಿ ಪಾಠ ಮಾಡುತ್ತ ಉಳಿದೆ. ಹೊಸಬರಿಗೆ ಪ್ರಾಮಾಣಿಕತೆಯ ಬಗ್ಗೆ ಮಾತಾಡಿ ಎಂದು ಕರೆದಾಗಲೆಲ್ಲ ಹೋದೆ. ಮಾತು ಮುಗಿಸಿ ಕೂತಾಗ ಚಪ್ಪಾಳೆ ಕೇಳಿ ಕಿವಿ ಬಿಸಿಯಾಗುತ್ತಿತ್ತು. ಆದರೂ ಮುಂದಿನ ಸಲ ಕರೆದರೆ ಮತ್ತೆ ಹೋಗುತ್ತಿದ್ದೆ.

ಕಳೆದ ವರ್ಷ ನೆಂಟರ ಮನೆಯ ಗೃಹಪ್ರವೇಶಕ್ಕೆ ಗುಬ್ಬಿಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದವರು, ಗಂಗಾಂಬಿಕೆ ಟೀಚರ್ ಮನೆ ಇಲ್ಲೇ ಹಿಂದಿನ ಬೀದಿ ಎಂದರು. ಊಟ ಸೇರಲಿಲ್ಲ. ಎದ್ದು ಹೋದೆ. ಗಂಗಾಂಬಿಕೆಗೂ ನಿವೃತ್ತಿಯಾಗಿದೆ, ತಲೆ ನೆರೆತಿದೆ. ನೋಡಿದ ತಕ್ಷಣ ಗುರುತು ಹಿಡಿದು, "ಬನ್ನಿ ಸಾರ್, ಒಳಗ್ ಬನ್ನಿ" ಎಂದು ಕುರ್ಚಿ ಹಾಕಿದರು. ಕಾಫಿ ಬರುವವರೆಗೂ ಕಾಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಟ್ರಂಕು, ಸೀರೆ, ಟೆಂಪರೇಚರ್ ಎಂದ ಸುಳ್ಳು, ಲ್ಯಾಬಿನಲ್ಲಿ ಹೇಳಿದ ಸುಳ್ಳು. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ.

"ನಂಗೆ ಗೊತ್ತಿತ್ತು ಸಾರ್" ಎಂದರು. "ನಿಮ್ಮನ್ನ ಕೇಳೋಕ್ ಬಂದ್ನಲ್ಲ, ಅದರ ಹಿಂದಿನ ವಾರ ಆ ಹಳ್ಳಿಗೆ ಹೋಗಿದ್ದೆ. ನೀವು ಬೇಡ ಅಂದಿದ್ರಿ, ಆದ್ರೂ ಹೋದೆ. ಕೆಂಪಮ್ಮನೋರು ಟ್ರಂಕ್ ತೆಗ್ದು ತೋರ್ಸಿದ್ರು, ನಿಮಗೂ ತೋರ್ಸಿದ್ದೆ ಅಂದ್ರು."

"ಗೈಡಿಗೆ ಹೇಳ್ಬೇಕಿತ್ತಮ್ಮ."

"ಹೇಳ್ದೆ. ಅವರು, 'ಹೋಗಿ ಅವನನ್ನೇ ಕೇಳಮ್ಮ. ಗೋಡೆ ಮೇಲೆ ಇರ್ಲಿಲ್ಲ ಅಂತ ಅವನು ಒಂದ್ ಮಾತು ಒಪ್ಕೊಂಡ್ರೆ ಸಾಕು, ಪೇಪರ್ ತಪ್ಪು ಅಂತ ನಾನೇ ಬರೀತೀನಿ, ಅವನಿಗೂ ತೊಂದ್ರೆ ಆಗ್ದಂಗೆ ನೋಡ್ಕೋತೀನಿ, ನಿನ್ನ ಥೀಸಿಸ್ಸೂ ಆಗುತ್ತೆ' ಅಂದ್ರು. ಅದಕ್ಕೇ ನಿಮ್ಮ ಹತ್ರ ಬಂದಿದ್ದು."

ನಾನು ಹೆದರಿಕೊಂಡಿದ್ದ ಆ ಮನುಷ್ಯ ಒಂದು ಮಾತಿಗಾಗಿ ಕಾದಿದ್ದರು. ಆ ಹುಡುಗಿಯ ಇಡೀ ಕೆಲಸ ಆ ಮಧ್ಯಾಹ್ನ ನನ್ನ ಒಂದು ಉತ್ತರದ ಮೇಲೆ ನಿಂತಿತ್ತು.

"ಕ್ಷಮಿಸಮ್ಮ" ಎಂದೆ.

"ನಾನು ಚೆನ್ನಾಗೇ ಇದ್ದೆ ಸಾರ್. ಮಕ್ಕಳಿಗೆ ಪಾಠ ಮಾಡಿದ್ದು ನಂಗೆ ಇಷ್ಟಾನೇ ಆಯ್ತು" ಎಂದು ಕಾಫಿ ಲೋಟ ನನ್ನ ಕೈಗಿತ್ತರು. "ಆದ್ರೆ ಇದನ್ನ ನಂಗ್ಯಾಕ್ ಹೇಳ್ತಿದೀರಾ? ನಂಗೆ ಮೊದ್ಲೇ ಗೊತ್ತಿತ್ತಲ್ಲ. ಗೊತ್ತಿಲ್ದೋರಿಗೆ ಹೇಳಿ."

ಅದಕ್ಕೇ ಹೇಳುತ್ತಿದ್ದೇನೆ. ನನ್ನ ಥೀಸಿಸ್ಸಿನ ನಾಲ್ಕನೆಯ ಅಧ್ಯಾಯದಲ್ಲಿ ಕುಣಿಗಲ್ ಕಡೆಯ ಹನ್ನೊಂದು ಮನೆಗಳ ಎರಡು ವರ್ಷದ ಅಳತೆಗಳಿವೆ. ಅವು ಆ ಮನೆಗಳ ಗಾಳಿಯ ಅಳತೆಗಳಲ್ಲ. ಸಾರಿಸಿದ ನೆಲದ ಬಗ್ಗೆ ನಾನು ಬರೆದ ತೀರ್ಮಾನ ತಪ್ಪು, ಮತ್ತು ಮೌಖಿಕ ಪರೀಕ್ಷೆಗೆ ಮೂರು ವಾರ ಮೊದಲೇ ಅದು ತಪ್ಪೆಂದು ನನಗೆ ಗೊತ್ತಿತ್ತು. ಆ ಮನೆಗಳಂಥ ಮನೆಗಳಲ್ಲಿ ಗಂಗಾಂಬಿಕೆ ಅಳೆದದ್ದು ಸರಿಯಾಗಿತ್ತು. ಅವರ ಅಂಕಿಗಳು ಎಲ್ಲಿಯೂ ಅಚ್ಚಾಗಿಲ್ಲ.